ಪರಿತೇವಾಡಿಯ ಗುರು, ನಮ್ಮ ಮಕ್ಕಳ ನುಡಿ

ಆರು ವರುಷದ ಕೂಸೊಂದು ಮೊದಲ ಸಲ ಸಾಲೆಯ ಹೊಸ್ತಿಲು ದಾಟಿ ಒಳಗೆ ಬಂದಿರುತ್ತದೆ. ಬಗಲಲ್ಲಿ ಪಾಟಿಚೀಲ, ಹಣೆಯಲ್ಲಿ ತಾಯಿ ಇಟ್ಟ ಕುಂಕುಮ. ಮನೆಯಲ್ಲಿ ಅದು ಆಡುವುದು ಕನ್ನಡ; ಸಾಲೆಯಲ್ಲಿ ಗುರುಗಳು ಕಲಿಸುವುದು ಮರಾಠಿ. ಗಾಳಿ ಜೋರಾಗಿ ಬೀಸಿದಾಗ ಗುರುಗಳು ಪ್ರೀತಿಯಿಂದಲೇ, "ದಾರ ಲಾವ್" ಎನ್ನುತ್ತಾರೆ. ಕೂಸು ಎದ್ದು ನಿಂತು ಸುತ್ತಲೂ ನೋಡುತ್ತದೆ. ಮರಾಠಿಯಲ್ಲಿ ದಾರವೆಂದರೆ ಬಾಗಿಲು, ಕನ್ನಡದ ಕೂಸಿಗೆ ದಾರವೆಂದರೆ ಅವ್ವ ಕೌದಿ ಹೊಲಿಯುವ ನೂಲು. ಅದು ನೂಲನ್ನು ಹುಡುಕುತ್ತಲಿರುತ್ತದೆ, ಉಳಿದ ಮಕ್ಕಳು ನಗುತ್ತಿರುತ್ತಾರೆ. "ಕಾಯ್?" ಎಂದು ಕೇಳಿದರೆ, ಏನನ್ನು ಕಾಯಬೇಕೆಂಬುದು ತಿಳಿಯದೆ ನಿಲ್ಲುತ್ತದೆ. ನಾವು ನೆರಳಿಗಾಗಿ ಆಶ್ರಯಿಸುವ ಮರವು ಆ ನುಡಿಯಲ್ಲಿ ಸಾಯೆಂಬ ಅರ್ಥವನ್ನು ಕೊಡುತ್ತದೆ.

ಮೈಂದರ್ಗಿಯಂಥ ಊರಿನಲ್ಲಿ ಬೆಳೆದ ನಮಗೆ ಇದು ಕಟ್ಟುಕಥೆಯೆನಿಸದು. ಅಕ್ಕಲಕೋಟೆ ತಾಲೂಕಿನಲ್ಲಿ ಅಕ್ಕಲಕೋಟೆ, ಮೈಂದರ್ಗಿ, ದುಧನಿ ಎಂಬ ಮೂರು ಪಟ್ಟಣಗಳಲ್ಲಿಯೂ ಅವುಗಳ ಸುತ್ತಣ ಹಳ್ಳಿಗಳಲ್ಲಿಯೂ ಮನೆಯ ಮಾತು, ಹೊಲದ ಮಾತು, ಸಂತೆಯ ಮಾತು ಬಹುಮಟ್ಟಿಗೆ ಕನ್ನಡವೇ ಆಗಿದೆ. ಕಚೇರಿಯ ಕಾಗದ ಮಾತ್ರ ಮರಾಠಿಯಲ್ಲಿರುತ್ತದೆ. ಎರಡೂ ನುಡಿಗಳನ್ನು ಬಲ್ಲ ಹಿರಿಯರಿಗೆ ಇದು ಹೊರೆಯಲ್ಲ. ಒಂದೇ ನುಡಿಯನ್ನು ಬಲ್ಲ ಕೂಸಿಗೆ ಮಾತ್ರ ಮೊದಲ ಎರಡು ಮೂರು ವರುಷಗಳು ಬಹು ಬಿಗಿಯಾಗಿರುತ್ತವೆ. ಆ ವರುಷಗಳಲ್ಲಿ ಹಿಂದೆ ಬಿದ್ದ ಮಗುವು ತಾನು ದಡ್ಡನೆಂದೇ ನಂಬಿ, ಮೆಲ್ಲಗೆ ಸಾಲೆಯಿಂದ ಜಾರಿಕೊಂಡು ದನದ ಹಿಂದೆ ಹೋಗಿಬಿಡುತ್ತದೆ.

ಇದೇ ತೊಡಕನ್ನು ಕಂಡು, ತಾನೇ ಮಕ್ಕಳ ಕಡೆಗೆ ಹೆಜ್ಜೆಯಿಟ್ಟ ಗುರುವೊಬ್ಬರಿಗೆ ಜಗತ್ತಿನ ಅತಿ ದೊಡ್ಡ ಶಿಕ್ಷಕ ಪ್ರಶಸ್ತಿಯು ದೊರೆತದ್ದು ನಮ್ಮ ಸೊಲ್ಲಾಪುರ ಜಿಲ್ಲೆಯಲ್ಲಿಯೇ ಎಂಬುದನ್ನು ನಮ್ಮಲ್ಲಿ ಬಹು ಜನರು ವೃತ್ತಪತ್ರಿಕೆಯಲ್ಲಿ ಓದಿರಬಹುದು. ಅದರಲ್ಲಿ ಕನ್ನಡಕ್ಕೂ ಒಂದು ಪಾಲಿತ್ತೆಂಬ ಸಂಗತಿಯು ಮಾತ್ರ ಹೆಚ್ಚು ಮನೆಗಳನ್ನು ಮುಟ್ಟಿದಂತಿಲ್ಲ. ಅದನ್ನು ವಾಚಕರ ಮುಂದೆ ಇಡಬೇಕೆಂಬುದೇ ಈ ಲೇಖನದ ಉದ್ದೇಶ.

ದನದ ಕೊಟ್ಟಿಗೆಯ ಪಕ್ಕದ ಸಾಲೆ

ಸೊಲ್ಲಾಪುರ ಜಿಲ್ಲೆಯ ವಾಯವ್ಯ ಭಾಗದಲ್ಲಿ ಮಾಢಾ ತಾಲೂಕು ಇರುತ್ತದೆ. ಆಗ್ನೇಯದ ಅಂಚಿನಲ್ಲಿ ನಮ್ಮ ಅಕ್ಕಲಕೋಟೆ. ಆ ಮಾಢಾ ತಾಲೂಕಿನ ಪರಿತೇವಾಡಿ ಎಂಬ ಚಿಕ್ಕ ಹಳ್ಳಿಯ ಜಿಲ್ಲಾ ಪರಿಷತ್ತಿನ ಪ್ರಾಥಮಿಕ ಸಾಲೆಗೆ ೨೦೦೯ರಲ್ಲಿ ರಣಜಿತಸಿಂಹ ಡಿಸಲೆ ಎಂಬ ತರುಣ ಶಿಕ್ಷಕರು ಬಂದರು. ಬಾರ್ಶಿಯ ಕಡೆಯವರು. ಇಂಜಿನಿಯರ್ ಆಗಬೇಕೆಂದು ಕಾಲೇಜು ಸೇರಿ, ಅದನ್ನು ಅರ್ಧಕ್ಕೆ ಬಿಟ್ಟು, ತಂದೆಯವರ ಸಲಹೆಯಂತೆ ಶಿಕ್ಷಕ ತರಬೇತಿ ಪಡೆದವರು. ಒಲ್ಲದ ಮನಸ್ಸಿನಿಂದ ಸೇರಿದ ಆ ತರಬೇತಿಯಲ್ಲಿಯೇ ಅವರಿಗೆ ಬೋಧನೆಯ ರುಚಿ ಹತ್ತಿತು.

ಅವರು ಬಂದಾಗ ಸಾಲೆಯ ಕಟ್ಟಡವು ಪಾಳು ಬಿದ್ದಿತ್ತು. ಒಂದು ಬದಿಗೆ ದನದ ಕೊಟ್ಟಿಗೆ, ಇನ್ನೊಂದು ಬದಿಗೆ ಸಾಮಾನು ಕೋಣೆ. ಬಡ ಹಾಗೂ ಆದಿವಾಸಿ ಮನೆತನಗಳಿಂದ ಬರುವ ಹೆಣ್ಣುಮಕ್ಕಳೇ ಅಲ್ಲಿ ಬಹಳ. ಅವರ ಹಾಜರಿಯು ಕೆಲವೊಮ್ಮೆ ನೂರಕ್ಕೆ ಎರಡರಷ್ಟು ಕೆಳಗೆ ಇಳಿಯುತ್ತಿತ್ತು. ಎಳೆಯ ವಯಸ್ಸಿನಲ್ಲಿಯೇ ಮದುವೆ ಮಾಡಿ ಕಳಿಸುವ ರೂಢಿಯಿತ್ತು. ಇದಕ್ಕೆಲ್ಲ ಮೇಲಾಗಿ ಇನ್ನೊಂದು ಅಡ್ಡಿಯಿತ್ತು. ಪ್ರಶಸ್ತಿಯನ್ನು ಕೊಡುವ ಸಂಸ್ಥೆಯು ಪ್ರಕಟಿಸಿದ ಪರಿಚಯ ಪತ್ರದಲ್ಲಿಯೇ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ: ಪಠ್ಯಪುಸ್ತಕಗಳು ಈ ಹೆಣ್ಣುಮಕ್ಕಳ ಮನೆಮಾತಾದ ಕನ್ನಡದಲ್ಲಿ ಇರಲಿಲ್ಲ, ಅದರಿಂದಾಗಿ ಬಹಳ ಮಕ್ಕಳಿಗೆ ಕಲಿಯುವುದೇ ಅಸಾಧ್ಯವಾಗಿತ್ತು.

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ನಡೆಯುವುದನ್ನು ನಾವೆಲ್ಲರೂ ಬಲ್ಲೆವು. ಮಕ್ಕಳು ನಿಧಾನವಾಗಿ ಮರಾಠಿ ಕಲಿಯಲಿ ಎಂದು ಕಾಯುತ್ತಾರೆ. ಕಲಿತವರು ಮುಂದೆ ಹೋಗುತ್ತಾರೆ, ಕಲಿಯದವರು ಮನೆಗೆ ಹೋಗುತ್ತಾರೆ. ಡಿಸಲೆ ಗುರುಗಳು ಹಾಗೆ ಕಾಯಲಿಲ್ಲ. ಹಳ್ಳಿಗೇ ಬಂದು ನೆಲೆಸಿ, ಮಕ್ಕಳ ನುಡಿಯನ್ನು ಪ್ರಯಾಸಪಟ್ಟು ತಾವೇ ಕಲಿತರು. ಬೆಳೆದ ಮನುಷ್ಯನು ನಾಲ್ವತ್ತು ಮಕ್ಕಳ ಮುಂದೆ ನಿಂತು ತಪ್ಪು ತಪ್ಪಾಗಿ ಅವರ ಮಾತನ್ನು ಆಡುವುದು ಸುಲಭವೇನಲ್ಲ. ಗುರುವಿನ ತಪ್ಪನ್ನು ತಿದ್ದುವ ಅವಕಾಶ ಸಿಕ್ಕ ಮಗುವು ತನ್ನ ತಪ್ಪಿಗೆ ಅಂಜುವುದನ್ನು ಬಿಡುತ್ತದೆ ಎಂಬುದು ಮಾತ್ರ ಕಲಿಸಿದವರೆಲ್ಲರ ಅನುಭವ.

ಕಪ್ಪು ಬಿಳುಪಿನ ಚೌಕ

ನುಡಿಯನ್ನು ಕಲಿತ ಮೇಲೆ ಅವರು ಒಂದರಿಂದ ನಾಲ್ಕನೆಯ ಇಯತ್ತೆಯ ಪುಸ್ತಕಗಳನ್ನು ಮಕ್ಕಳಿಗೆ ತಿಳಿಯುವಂತೆ ಮರುರೂಪಿಸಿ, ಪಾಠಗಳ ಜೊತೆಗೆ ಕ್ಯೂಆರ್ ಸಂಕೇತಗಳನ್ನು ಸೇರಿಸಿದರು. ಈಗ ಕಿರಾಣಿ ಅಂಗಡಿಯ ಗಲ್ಲೆಯ ಮೇಲೂ ತರಕಾರಿ ಗಾಡಿಯ ಮೇಲೂ ರೊಕ್ಕ ಕೊಡುವುದಕ್ಕಾಗಿ ಅಂಟಿಸಿದ ಕಪ್ಪು ಬಿಳುಪಿನ ಚೌಕವನ್ನು ಎಲ್ಲರೂ ಕಂಡಿರುತ್ತಾರೆ. ಅದೇ ಈ ಸಂಕೇತ. ೧೯೯೪ರಲ್ಲಿ ಜಪಾನಿನ ಡೆನ್ಸೊ ವೇವ್ ಎಂಬ ಕಂಪನಿಯಲ್ಲಿ ಮಸಾಹಿರೊ ಹಾರಾ ಎಂಬ ಇಂಜಿನಿಯರರು ಮೋಟಾರಿನ ಬಿಡಿಭಾಗಗಳ ಲೆಕ್ಕ ಇಡುವುದಕ್ಕಾಗಿ ಇದನ್ನು ರೂಪಿಸಿದರು. ಮೂರು ಮೂಲೆಗಳಲ್ಲಿರುವ ದೊಡ್ಡ ಚೌಕಗಳು ಕ್ಯಾಮರಾಕ್ಕೆ ದಿಕ್ಕನ್ನು ತೋರಿಸುತ್ತವೆ. ನಡುವಿನ ಸಣ್ಣ ಚುಕ್ಕೆಗಳಲ್ಲಿ ವಿಷಯವು ಅಡಗಿರುತ್ತದೆ. ಒಂದಿಷ್ಟು ಭಾಗ ಹರಿದರೂ ಮಸಿ ಬಿದ್ದರೂ ಓದಲು ಬರುತ್ತದೆ. ಮಕ್ಕಳ ಪುಸ್ತಕಕ್ಕೆ ಈ ಗುಣವು ಎಷ್ಟು ಅವಶ್ಯವೆಂಬುದನ್ನು ತಾಯಂದಿರಿಗೆ ಹೇಳಬೇಕಾಗಿಲ್ಲ.

ಮೊಬೈಲನ್ನು ಆ ಚೌಕದ ಮುಂದೆ ಹಿಡಿದರೆ ಹಾಡು, ಕಥೆ, ಪಾಠದ ಚಿತ್ರ, ಅಭ್ಯಾಸದ ಪ್ರಶ್ನೆ ಇವೆಲ್ಲ ಮಗುವಿನ ನುಡಿಯಲ್ಲಿಯೇ ಕಾಣುತ್ತವೆ, ಕೇಳುತ್ತವೆ. ಮನೆಯಲ್ಲಿ ಅಕ್ಷರ ಬಲ್ಲವರು ಯಾರೂ ಇಲ್ಲದಿದ್ದರೂ ಮಗುವು ಪಾಠವನ್ನು ಮತ್ತೆ ಮತ್ತೆ ಕೇಳಬಹುದು. ಮನೆಯ ಕೆಲಸ ಮುಗಿಸಿದ ಅವ್ವನೂ ಪಕ್ಕದಲ್ಲಿ ಕುಳಿತು ಕೇಳಬಹುದು. ಕೇಳಿದ ಅವ್ವನಿಗೆ ಅದು ತಿಳಿದರೆ, ಮಗಳ ಸಾಲೆಯು ಬೇರೆ ಲೋಕವೆನಿಸುವುದಿಲ್ಲ.

ಈ ಪದ್ಧತಿಯು ಒಂದು ಹಳ್ಳಿಗೆ ನಿಲ್ಲಲಿಲ್ಲ. ಪಠ್ಯಪುಸ್ತಕಗಳಿಗೆಲ್ಲ ಇಂಥ ಸಂಕೇತವನ್ನು ಸೇರಿಸುವುದಾಗಿ ಮಹಾರಾಷ್ಟ್ರ ಸರಕಾರವು ೨೦೧೭ರಲ್ಲಿ ಸಾರಿತು. ೨೦೧೮ರಲ್ಲಿ ಆಗಿನ ಕೇಂದ್ರ ಮಂತ್ರಿ ಪ್ರಕಾಶ ಜಾವಡೇಕರರು ರಾಷ್ಟ್ರೀಯ ಶಿಕ್ಷಣ ಸಂಶೋಧನ ಪರಿಷತ್ತಿನ ಪುಸ್ತಕಗಳಿಗೂ ಅದನ್ನೇ ಅನ್ವಯಿಸುವುದಾಗಿ ಪ್ರಕಟಿಸಿದರು. ಪರಿತೇವಾಡಿಯಲ್ಲಿ ಹೆಣ್ಣುಮಕ್ಕಳ ಹಾಜರಿಯು ನೂರಕ್ಕೆ ನೂರಾಯಿತು, ಬಾಲ್ಯವಿವಾಹಗಳು ನಿಂತುವು ಎಂದು ಪ್ರಶಸ್ತಿಯ ಪರಿಚಯ ಪತ್ರವು ಹೇಳುತ್ತದೆ.

ಪ್ರಶಸ್ತಿಯೂ ಪಾಲೂ

ಜಾಗತಿಕ ಶಿಕ್ಷಕ ಪ್ರಶಸ್ತಿಯನ್ನು ವಾರ್ಕಿ ಪ್ರತಿಷ್ಠಾನವು ೨೦೧೪ರಲ್ಲಿ ಸ್ಥಾಪಿಸಿತು. ಅದರ ಸ್ಥಾಪಕರಾದ ಸನ್ನಿ ವಾರ್ಕಿಯವರು ಕೇರಳ ಮೂಲದವರು, ದುಬೈಯಲ್ಲಿ ಸಾಲೆಗಳನ್ನು ನಡೆಸಿ ಹೆಸರು ಗಳಿಸಿದವರು. ಮೊತ್ತವು ಹತ್ತು ಲಕ್ಷ ಅಮೆರಿಕನ್ ಡಾಲರು. ನೊಬೆಲ್ ಪಾರಿತೋಷಕವು ವಿಜ್ಞಾನಿಗಳನ್ನೂ ಸಾಹಿತಿಗಳನ್ನೂ ಶಾಂತಿದೂತರನ್ನೂ ೧೯೦೧ರಿಂದ ಗೌರವಿಸುತ್ತ ಬಂದಿದೆ. ಆದರೆ ಅವರೆಲ್ಲರಿಗೂ ಮೊದಲ ಅಕ್ಷರ ತಿದ್ದಿಸಿದ ಪ್ರಾಥಮಿಕ ಶಿಕ್ಷಕರಿಗೆ ಆ ಪಂಕ್ತಿಯಲ್ಲಿ ಎಡೆಯಿಲ್ಲ. ಆ ಕೊರತೆಯನ್ನು ತುಂಬುವುದಕ್ಕೆ ಈ ಪ್ರಶಸ್ತಿಯು ಹುಟ್ಟಿತೆನ್ನಬಹುದು.

೨೦೨೦ರಲ್ಲಿ ೧೪೦ಕ್ಕೂ ಹೆಚ್ಚು ದೇಶಗಳಿಂದ ೧೨,೦೦೦ಕ್ಕೂ ಮಿಕ್ಕಿ ಹೆಸರುಗಳು ಬಂದಿದ್ದವು. ಕೊನೆಯ ಹತ್ತರಲ್ಲಿ ಡಿಸಲೆಯವರ ಜೊತೆಗೆ ಇಟಲಿ, ಬ್ರಾಝಿಲ್, ವಿಯೆಟ್ನಾಂ, ಮಲೇಶಿಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ದಕ್ಷಿಣ ಕೊರಿಯಾ, ಇಂಗ್ಲಂಡ, ಅಮೆರಿಕೆ ಈ ದೇಶಗಳ ಒಂಬತ್ತು ಶಿಕ್ಷಕರಿದ್ದರು. ಕೊರೋನಾ ರೋಗದ ದಿನಗಳಾದುದರಿಂದ ಸಮಾರಂಭಕ್ಕೆ ಯಾರೂ ಕೂಡಿ ಬರುವಂತಿರಲಿಲ್ಲ. ಡಿಸೆಂಬರ ೩ರಂದು ಲಂಡನ್ನಿನ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯದಿಂದ ನಟ ಸ್ಟೀಫನ್ ಫ್ರೈಯವರು ಹೆಸರನ್ನು ಸಾರಿದರು. ಡಿಸಲೆಯವರು ತಮ್ಮ ಮನೆಯವರ ನಡುವೆ ಕುಳಿತು ಪರದೆಯ ಮೇಲೆ ಅದನ್ನು ಕೇಳಿದರು. ಭಾರತೀಯರೊಬ್ಬರಿಗೆ ಈ ಪ್ರಶಸ್ತಿಯು ಬಂದದ್ದು ಅದೇ ಮೊದಲು.

ಮರುಕ್ಷಣದಲ್ಲಿಯೇ ಅವರು ಅರ್ಧ ಮೊತ್ತವನ್ನು ಉಳಿದ ಒಂಬತ್ತು ಜನರಿಗೆ ಹಂಚುವುದಾಗಿ ಹೇಳಿದರು. ತಲೆಗೆ ಐವತ್ತೈದು ಸಾವಿರ ಡಾಲರಿಗೂ ತುಸು ಹೆಚ್ಚು ಬಂದಿತು. ಹೀಗೆ ಪಾಲು ಕೊಟ್ಟವರು ಆ ಪ್ರಶಸ್ತಿಯ ಇತಿಹಾಸದಲ್ಲಿ ಅವರಿಗಿಂತ ಮೊದಲು ಯಾರೂ ಇರಲಿಲ್ಲ. ಶಿಕ್ಷಕನಾದವನು ಕೊಡುವುದರಲ್ಲಿಯೂ ಹಂಚಿಕೊಳ್ಳುವುದರಲ್ಲಿಯೂ ನಂಬಿಕೆಯಿಟ್ಟವನು ಎಂಬುದು ಅವರ ಅಭಿಪ್ರಾಯವಾಗಿತ್ತು. ಪಶ್ಚಿಮದ ಪತ್ರಿಕೆಗಳಿಗೆ ಇದು ಸೋಜಿಗವೆನಿಸಿತು. ಸೊನ್ನಲಿಗೆಯ ಸಿದ್ಧರಾಮನು ಕೆರೆ ಕಟ್ಟಿಸಿದ ಈ ನೆಲದಲ್ಲಿ, ದುಡಿದುದನ್ನು ಹಂಚಿ ಉಣ್ಣುವ ದಾಸೋಹದ ಮಾತು ಗೊತ್ತಿರುವ ನಮಗೆ ಅದು ಮನೆಯ ಮಾತಿನಂತೆಯೇ ಕೇಳಿಸಿತು.

ಗಡಿಯನ್ನು ದಾಟುವ ಪಾಠವನ್ನೂ ಅವರು ನಡೆಸಿದ್ದರು. ಭಾರತ ಮತ್ತು ಪಾಕಿಸ್ತಾನ, ಪ್ಯಾಲೆಸ್ಟೈನ್ ಮತ್ತು ಇಸ್ರೇಲ್, ಇರಾಕ್ ಮತ್ತು ಇರಾನ್ ಇಂಥ ಮನಸ್ತಾಪವುಳ್ಳ ದೇಶಗಳ ಎಳೆಯರನ್ನು ಜೋಡಿ ಮಾಡಿ, ಗಣಕಯಂತ್ರದ ಮೂಲಕ ಕೆಲವು ವಾರಗಳ ಕಾಲ ಪರಸ್ಪರ ಮಾತನಾಡಿಸುವ ಯೋಜನೆಯದು. ವೈರಿಯ ಮನೆಯಲ್ಲಿಯೂ ತನ್ನಂಥದೇ ಮಗುವಿದೆಯೆಂದು ತಿಳಿದರೆ ದ್ವೇಷಕ್ಕೆ ನೆಲೆ ತಪ್ಪುತ್ತದೆ ಎಂಬುದು ಅದರ ಹಿಂದಿನ ವಿಚಾರ. ಗಡಿಯ ಹಳ್ಳಿಗಳಲ್ಲಿ ಹೆಣ್ಣು ಕೊಟ್ಟು ತರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಡಿ, ಅಫಜಲಪುರ, ಆಳಂದದ ಬೀಗರು ನಮ್ಮ ಮನೆಗಳಿಗೆ ಬಂದು ಹೋಗುವಾಗ ರಾಜ್ಯದ ಗಡಿಯು ಅಡ್ಡ ಬರುವುದಿಲ್ಲ.

ಪ್ರಶಸ್ತಿಯ ನಂತರದ ದಾರಿಯು ಹೂವಿನ ಹಾಸಿಗೆಯಾಗಿರಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಅಮೆರಿಕೆಯ ಫುಲ್‌ಬ್ರೈಟ್ ಶಿಷ್ಯವೇತನ ದೊರೆತಾಗ, ೨೦೨೨ರ ಜನೆವರಿಯಲ್ಲಿ ರಜೆಯ ವಿಷಯವಾಗಿ ಅವರಿಗೂ ಶಿಕ್ಷಣ ಇಲಾಖೆಗೂ ಭಿನ್ನಾಭಿಪ್ರಾಯ ಎದ್ದಿತು. ಆಗಿನ ಶಿಕ್ಷಣ ಮಂತ್ರಿಗಳು ನಡುವೆ ಬಂದ ಮೇಲೆ ರಜೆ ಮಂಜೂರಾಯಿತು. ಅದೇ ವರುಷದ ಜುಲೈಯಲ್ಲಿ ಅವರು ರಾಜೀನಾಮೆ ಸಲ್ಲಿಸಿದ ವರ್ತಮಾನವೂ ಬಂದಿತು. ಯಾರದು ಸರಿ ಯಾರದು ತಪ್ಪು ಎಂಬ ತೀರ್ಪು ನಮ್ಮದಲ್ಲ. ದೊಡ್ಡ ಹೆಸರೂ ದಿನದ ಹಾಜರಿ ಪುಸ್ತಕವೂ ಒಂದೇ ಮೇಜಿನ ಮೇಲೆ ಸುಲಭವಾಗಿ ಕೂಡಿರುವುದಿಲ್ಲವೆಂಬುದು ಮಾತ್ರ ಇದರಿಂದ ಕಾಣುತ್ತದೆ.

ಬೇರೆ ನಾಡಿನ ಗುರುಗಳು

ಈ ಪ್ರಶಸ್ತಿಯನ್ನು ಪಡೆದ ಇತರರ ಚರಿತ್ರೆಯನ್ನು ನೋಡಿದರೆ ಒಂದು ಸಂಗತಿಯು ಮನಸ್ಸಿಗೆ ಬರುತ್ತದೆ. ೨೦೧೮ರಲ್ಲಿ ಗೆದ್ದ ಆಂಡ್ರಿಯಾ ಝಾಫಿರಾಕು ಲಂಡನ್ನಿನ ಬಡ ಭಾಗವೊಂದರಲ್ಲಿ ಚಿತ್ರಕಲೆ ಕಲಿಸುವವರು. ಅವರ ಸಾಲೆಯ ಮಕ್ಕಳ ಮನೆಗಳಲ್ಲಿ ಆಡುವ ಮೂವತ್ತೈದು ನುಡಿಗಳಲ್ಲಿ, ಗುಜರಾತಿ, ಹಿಂದಿ, ತಮಿಳು ಸಹ ಸೇರಿ, ಕುಶಲ ಪ್ರಶ್ನೆ ಕೇಳುವಷ್ಟನ್ನು ಅವರು ಕಲಿತುಕೊಂಡರು. ಸಾಲೆಯ ಬಾಗಿಲಲ್ಲಿ ನಿಂತು ಮಕ್ಕಳನ್ನು ಬರಮಾಡಿಕೊಂಡರು. ೨೦೧೭ರಲ್ಲಿ ಗೆದ್ದ ಮ್ಯಾಗಿ ಮ್ಯಾಕ್‌ಡೊನೆಲ್ ಕೆನಡಾದ ಹಿಮಪ್ರದೇಶದ ಇನುಯಿಟ್ ಹಳ್ಳಿಯಲ್ಲಿ, ಬೇರೆ ಶಿಕ್ಷಕರು ನಿಲ್ಲದೆ ಓಡಿಹೋಗುವ ಚಳಿಯಲ್ಲಿ, ನೆಲೆ ನಿಂತು ಕಲಿಸಿದವರು. ೨೦೧೯ರಲ್ಲಿ ಗೆದ್ದ ಕೀನಿಯಾದ ಪೀಟರ್ ತಬಿಚಿ ತಮ್ಮ ಸಂಬಳದ ನೂರಕ್ಕೆ ಎಂಬತ್ತು ಪಾಲನ್ನು ಬಡವರಿಗೆ ಕೊಟ್ಟುಬಿಡುತ್ತಿದ್ದ ಸನ್ಯಾಸಿ. ನಾಲ್ಕು ನಾಡುಗಳ ಈ ಗುರುಗಳು ಮಗುವು ನಿಂತಿದ್ದ ಸ್ಥಳಕ್ಕೆ ತಾವೇ ನಡೆದು ಹೋದರು.

ಕನ್ನಡಕ್ಕೂ ಇಂಥ ಗೌರವಗಳು ಬಂದಿವೆ. ಹೆಗ್ಗೋಡಿನ ಹಳ್ಳಿಯಲ್ಲಿ ನಾಟಕ ಕಟ್ಟಿದ ಕೆ. ವಿ. ಸುಬ್ಬಣ್ಣನವರಿಗೆ ೧೯೯೧ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ವೈದ್ಯಸೇವೆಗೆ ನಿಂತ ಡಾ. ಸುದರ್ಶನರಿಗೆ ೧೯೯೪ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ. ೨೦೨೫ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯು ಬಂದಿತು. ಅದರ ಐವತ್ತು ಸಾವಿರ ಪೌಂಡನ್ನು ಲೇಖಕಿಯೂ ಅನುವಾದಕಿ ದೀಪಾ ಭಾಸ್ತಿಯವರೂ ಸಮನಾಗಿ ಹಂಚಿಕೊಂಡರು. ಆ ಪ್ರಶಸ್ತಿಯ ನಿಯಮವೇ ಹಾಗಿದೆ. ಬರೆದವರಿಗೆಷ್ಟೋ, ಒಂದು ನುಡಿಯಿಂದ ಇನ್ನೊಂದಕ್ಕೆ ದಾಟಿಸಿದವರಿಗೂ ಅಷ್ಟೇ ಮಾನ. ದಿನವೂ ಎರಡು ನುಡಿಗಳ ನಡುವೆ ಓಡಾಡುವ ಗಡಿನಾಡಿನ ಕನ್ನಡಿಗರಿಗೆ ಇದು ವಿಶೇಷ ಸಂತೋಷದ ಸಂಗತಿಯಾಗಬೇಕು.

ನಮ್ಮ ಹಕ್ಕು, ನಮ್ಮ ಹೊಣೆ

ಈಗ ನಮ್ಮ ಮನೆಯ ಮಾತಿಗೆ ಬರೋಣ. ಮಗುವಿಗೆ ಮೊದಲ ಪಾಠವನ್ನು ತಾಯ್ನುಡಿಯಲ್ಲಿ ಕೊಡಬೇಕೆಂಬುದನ್ನು ಯುನೆಸ್ಕೊ ಸಂಸ್ಥೆಯು ೧೯೫೩ರಷ್ಟು ಹಿಂದೆಯೇ ಹೇಳಿದೆ. ನಮ್ಮ ಸಂವಿಧಾನಕ್ಕೆ ೧೯೫೬ರಲ್ಲಿ ಸೇರಿಸಿದ ೩೫೦-ಎ ಎಂಬ ಕಲಮಿನ ಪ್ರಕಾರ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ತಕ್ಕ ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರತಿಯೊಂದು ಸ್ಥಾನಿಕ ಸಂಸ್ಥೆಯೂ ಪ್ರಯತ್ನಿಸತಕ್ಕದ್ದು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು, ಸಾಧ್ಯವಿದ್ದೆಡೆ ಕನಿಷ್ಠ ಐದನೆಯ ಇಯತ್ತೆಯವರೆಗೆ ಮನೆಮಾತಿನಲ್ಲಿಯೇ ಕಲಿಸಬೇಕೆನ್ನುತ್ತದೆ. ಪುಣೆಯ ಬಾಲಭಾರತಿಯು ಮರಾಠಿಯ ಜೊತೆಗೆ ಕನ್ನಡ ಮಾಧ್ಯಮಕ್ಕೂ ಪುಸ್ತಕಗಳನ್ನು ಅಚ್ಚು ಹಾಕಿಸುತ್ತದೆ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಸಾಲೆಗಳಿವೆ.

ಹೀಗೆ ಕಾಯದೆಯಿದೆ, ಪುಸ್ತಕವಿದೆ, ಸಾಲೆಯೂ ಇದೆ. ಮಗುವನ್ನು ಅಲ್ಲಿಗೆ ಕಳಿಸುವ ಮನಸ್ಸು ನಮ್ಮಲ್ಲಿದೆಯೇ ಎಂದು ಕೇಳಿಕೊಳ್ಳಬೇಕಾಗಿದೆ. ಕನ್ನಡ ಸಾಲೆ ಕಲಿತರೆ ಮುಂದೆ ನೌಕರಿಯ ಗತಿಯೇನು ಎಂದು ತಂದೆಯಾದವನು ಕೇಳುತ್ತಾನೆ. ಆ ಅಂಜಿಕೆಯನ್ನು ಹಗುರವಾಗಿ ತೆಗೆದುಹಾಕುವುದು ಸರಿಯಲ್ಲ. ಈ ರಾಜ್ಯದಲ್ಲಿ ಬಾಳುವವನಿಗೆ ಮರಾಠಿ ಬೇಕು, ಹೊರಗೆ ಹೋಗುವವನಿಗೆ ಇಂಗ್ಲಿಷ್ ಬೇಕು. ಆದರೆ ಎರಡನೆಯ ನುಡಿಯು ಮೊದಲನೆಯದರ ಮೇಲೆ ನಿಲ್ಲುವ ಅಂತಸ್ತು. ಓದುವುದನ್ನು ತನ್ನ ನುಡಿಯಲ್ಲಿ ಒಮ್ಮೆ ಕಲಿತ ಮಗುವು ಮತ್ತೊಂದು ಲಿಪಿಯನ್ನು ಬೇಗ ಹಿಡಿಯುತ್ತದೆ. ಓದುವುದೇ ಏನೆಂದು ತಿಳಿಯುವ ಮೊದಲೇ ಅರಿಯದ ಮಾತಿನಲ್ಲಿ ಕುಳ್ಳಿರಿಸಿದ ಮಗುವು ಎರಡನ್ನೂ ಅರೆಬರೆಯಾಗಿ ಕಲಿಯುತ್ತದೆ. ಆದುದರಿಂದ ಮರಾಠಿಯನ್ನು ದೂರ ಇಡಬೇಕೆಂದು ನಾವು ಹೇಳುತ್ತಿಲ್ಲ. ಅದು ನೆರೆಮನೆಯ ನುಡಿ, ಸಂತರ ನುಡಿ, ನಮ್ಮ ಮಕ್ಕಳು ಅದನ್ನು ಚೆನ್ನಾಗಿ ಕಲಿಯಬೇಕು. ಕಲಿಯುವುದಕ್ಕೆ ಕಾಲೂರಲು ಸ್ವಂತ ನೆಲವು ಬೇಕು, ಅಷ್ಟೇ.

ಮಗುವು ಮರಾಠಿ ಅಥವಾ ಇಂಗ್ಲಿಷ್ ಸಾಲೆಗೇ ಹೋಗುತ್ತಿದ್ದರೆ, ಮನೆಯಲ್ಲಿ ಮಾಡಬಹುದಾದ ಕೆಲಸವು ಬಹಳವಿದೆ. ಸಂಜೆ ಅರ್ಧ ತಾಸು ಕನ್ನಡ ಪುಸ್ತಕವೊಂದನ್ನು ಮಗುವಿನ ಕೈಯಿಂದ ಗಟ್ಟಿಯಾಗಿ ಓದಿಸಬಹುದು. ಆ ದಿನ ಸಾಲೆಯಲ್ಲಿ ಕಲಿತ ಪಾಠವನ್ನು ಅಜ್ಜಿಗೆ ಕನ್ನಡದಲ್ಲಿ ಹೇಳು ಎನ್ನಬಹುದು. ಹೇಳಲು ಬಂದರೆ ಪಾಠವು ತಿಳಿದಿದೆ, ಬಾರದಿದ್ದರೆ ಬಾಯಿಪಾಠವಾಗಿದೆ ಎಂದರ್ಥ. ಅಜ್ಜಿಯ ಬೀಸುಕಲ್ಲಿನ ಪದಗಳನ್ನೂ ಕಥೆಗಳನ್ನೂ ಅದೇ ಮೊಬೈಲಿನಲ್ಲಿ ತುಂಬಿ ಇಡಬಹುದು. ಪರಿತೇವಾಡಿಯ ಗುರುಗಳು ಪುಸ್ತಕಕ್ಕೆ ದನಿ ಸೇರಿಸಿದ್ದು ಇದೇ ಉಪಾಯದಿಂದ. ನಮ್ಮ ಮನೆಗಳಲ್ಲಿ ದನಿಯೂ ಇದೆ, ಯಂತ್ರವೂ ಇದೆ.

ಇನ್ನೊಂದು ಮಾತು. ಗಡಿಯ ಹಳ್ಳಿಗಳಲ್ಲಿ ಕನ್ನಡ ಸಾಲೆಯ ಕೀಲಿಯನ್ನು ದಿನವೂ ತೆಗೆದು, ಕಸ ಹೊಡೆಸಿ, ಇಪ್ಪತ್ತು ಮಕ್ಕಳಿಗೆ ಅಕ್ಷರ ತಿದ್ದಿಸುವ ಗುರುಗಳು ಗುರುಮಾತೆಯರು ಇನ್ನೂ ಇದ್ದಾರೆ. ಅವರ ಹೆಸರು ಲಂಡನ್ನಿನ ಸಭೆಯಲ್ಲಿ ಕೇಳುವುದಿಲ್ಲ. ಅವರಿಗೆ ನಾವು ಕೊಡಬಹುದಾದ ಪ್ರಶಸ್ತಿಯು ಬಹು ಸರಳವಾದದ್ದು: ನಮ್ಮ ಮಗುವನ್ನು ಅವರ ಮುಂದೆ ಕುಳ್ಳಿರಿಸುವುದು, ತಿಂಗಳಿಗೊಮ್ಮೆ ಸಾಲೆಗೆ ಹೋಗಿ ಗುರುಗಳೇ, ಏನು ಬೇಕಾಗಿದೆ ಎಂದು ಕೇಳುವುದು.

ನಮ್ಮ ನುಡಿಯು ಮನೆಮಾತಲ್ಲದ ಗುರುವೊಬ್ಬರು, ನಮ್ಮ ಜಿಲ್ಲೆಯ ಇನ್ನೊಂದು ಮೂಲೆಯಲ್ಲಿ, ಕೆಲವು ಬಡ ಹೆಣ್ಣುಮಕ್ಕಳಿಗಾಗಿ ಕನ್ನಡವನ್ನು ಕಲಿತರು. ಹುಟ್ಟಿನಿಂದಲೇ ಕನ್ನಡ ಬಂದಿರುವ ನಾವು ನಮ್ಮ ಸ್ವಂತ ಮಕ್ಕಳಿಗಾಗಿ ಅದನ್ನು ಉಳಿಸಿಕೊಡುವೆವೇ ಎಂಬುದಕ್ಕೆ ಈ ಜೂನ್ ತಿಂಗಳಲ್ಲಿ, ಸಾಲೆಯ ದಾಖಲೆ ಪುಸ್ತಕದ ಮುಂದೆ ನಿಂತಾಗ, ಪ್ರತಿಯೊಂದು ಮನೆಯೂ ಉತ್ತರ ಬರೆಯಬೇಕಾಗಿದೆ.